ಇತಿಹಾಸದ ತರಗತಿಗೆ ಇ-ಸಂಪನ್ಮೂಲ ಆರಿಸುವುದು ಹೇಗೆ? ಕಾಲೇಜು ಲೈಬ್ರರಿಗೊಂದು ಮಾರ್ಗದರ್ಶಿ

ಫೆಬ್ರವರಿ ಬಂತೆಂದರೆ ಕಾಲೇಜು ಲೈಬ್ರರಿಯ ಫೋನಿಗೆ ಬಿಡುವೇ ಇರುವುದಿಲ್ಲ. "ಮೇಡಂ, ಮಾರ್ಚ್ ಒಳಗೆ ಗ್ರಾಂಟ್ ಖರ್ಚು ಮಾಡಬೇಕಲ್ವಾ? ನಮ್ಮ ಪ್ಯಾಕೇಜಿನಲ್ಲಿ ಐವತ್ತು ಸಾವಿರ ಇ-ಪುಸ್ತಕ ಇವೆ, ಒಂದ್ಸಲ ನೋಡಿ" ಎನ್ನುತ್ತಾರೆ ಇ-ಪುಸ್ತಕ ಮಾರುವ ಕಂಪನಿಯವರು.

ನಾನೂ ಒಮ್ಮೆ ಇಂಥ ಮಾತಿಗೆ ಒಪ್ಪಿಕೊಂಡಿದ್ದೆ. ಪಟ್ಟಿಯಲ್ಲಿ ‘ಇತಿಹಾಸ’ ಎಂಬ ತಲೆಬರಹದ ಕೆಳಗೆ ಸಾವಿರಾರು ಹೆಸರುಗಳಿದ್ದವು. ಸಂಖ್ಯೆ ನೋಡಿ ಖುಷಿಯಾಯಿತು, ಹಣ ಕಟ್ಟಿದೆವು. ಆಮೇಲೆ ಎರಡನೇ ವರ್ಷದ ಬಿಎ ಹುಡುಗಿಯೊಬ್ಬಳು ಬಂದು ಹೊಯ್ಸಳರ ಕಾಲದ ಊರಾಡಳಿತದ ಬಗ್ಗೆ ಏನಾದರೂ ಬೇಕು ಎಂದಳು. ಇಬ್ಬರೂ ಕೂತು ಒಂದು ಗಂಟೆ ಹುಡುಕಿದೆವು. ಸಿಕ್ಕಿದ್ದು ಯುರೋಪಿನ ಮಹಾಯುದ್ಧಗಳ ಪುಸ್ತಕ, ಒಂದಷ್ಟು ಪ್ರವಾಸಿ ಕೈಪಿಡಿ. ಕೊನೆಗೆ ಅವಳು ಕಪಾಟಿನಲ್ಲಿದ್ದ ಹಳೆಯ ಶಾಸನ ಸಂಪುಟವನ್ನೇ ಎತ್ತಿಕೊಂಡು ಹೋಗಿ ಓದಿದಳು. ಅವತ್ತಿನಿಂದ ಪಟ್ಟಿಯ ಉದ್ದ ನೋಡುವುದನ್ನು ಬಿಟ್ಟೆ. ಮಕ್ಕಳು ಏನು ಓದಿ ಏನು ಬರೆಯಬೇಕು ಎಂಬಲ್ಲಿಂದ ಶುರು ಮಾಡುತ್ತೇನೆ.

ಕೆಳಗಿನ ಹೆಜ್ಜೆಗಳನ್ನು ಕರ್ನಾಟಕದ ಪದವಿ ಕಾಲೇಜೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಣ ಕಡಿಮೆ ಇರುವ, ಒಬ್ಬರೇ ಗ್ರಂಥಪಾಲಕರು ಇರುವ, ಹೆಚ್ಚಿನ ವಿದ್ಯಾರ್ಥಿಗಳು ಫೋನಿನಲ್ಲೇ ಓದುವ ಕಾಲೇಜು.

ಹೆಜ್ಜೆ 1: ಸಿಲಬಸ್ ಹಿಡಿದು ಮೇಷ್ಟ್ರ ಜೊತೆ ಕೂರಿ

ಇತಿಹಾಸ ವಿಭಾಗಕ್ಕೆ ಸುಮ್ನೆ "ನಿಮಗೆ ಏನು ಬೇಕು ಬರೆದುಕೊಡಿ" ಎಂದು ಸುತ್ತೋಲೆ ಕಳಿಸಬೇಡಿ. ಹಾಗೆ ಕಳಿಸಿದರೆ ಬರುವುದು ಮೂರು ಪುಸ್ತಕದ ಹೆಸರು ಅಷ್ಟೇ. ಅದರ ಬದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಸ್ಟಾಫ್ ರೂಮಿಗೆ ಹೋಗಿ. ಸಿಲಬಸ್‌ನ ಪ್ರತಿ ಯೂನಿಟ್ ಮುಂದೆ ಮೂರು ಪ್ರಶ್ನೆ ಕೇಳಿ. ಇದಕ್ಕೆ ಮಕ್ಕಳು ಏನು ಓದಬೇಕು? ಏನು ಕಣ್ಣಾರೆ ನೋಡಬೇಕು, ಅಂದರೆ ನಕ್ಷೆ, ಶಾಸನ, ಫೋಟೋ, ಕಡತ? ಕೊನೆಗೆ ಏನು ಬರೆದುಕೊಡಬೇಕು?

ಒಂದು ಉದಾಹರಣೆ. ಯೂನಿಟ್‌ನಲ್ಲಿ ‘ಕಿತ್ತೂರು ಬಂಡಾಯ’ ಎಂದಷ್ಟೇ ಇರುತ್ತದೆ. ಪಾಠ ಮಾಡುವ ಮೇಡಂ ಅದನ್ನು ಉಪನ್ಯಾಸದಲ್ಲೇ ಮುಗಿಸುವುದಾದರೆ ಒಂದು ಒಳ್ಳೆಯ ಪುಸ್ತಕ ಸಾಕು. "1824ರ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಘಟನೆಯನ್ನು ಕಂಪನಿ ಸರ್ಕಾರದ ಕಾಗದಗಳು ಹೇಗೆ ಹೇಳುತ್ತವೆ, ಲಾವಣಿಗಳು ಹೇಗೆ ಹೇಳುತ್ತವೆ, ಹೋಲಿಸಿ ಬರೆಯಿರಿ" ಎಂದು ಅಸೈನ್‌ಮೆಂಟ್ ಕೊಡುವುದಾದರೆ ಬೇಕಾಗುವುದೇ ಬೇರೆ. ಆಗ ಮೂಲ ದಾಖಲೆ ಬೇಕು, ಜನಪದ ಸಂಗ್ರಹ ಬೇಕು, ಆ ಕಾಲದ ನಕ್ಷೆ ಬೇಕು. ಯೂನಿಟ್ ಒಂದೇ ಆದರೂ ಲೈಬ್ರರಿಗೆ ಬರುವ ಬೇಡಿಕೆ ಪೂರ್ತಿ ಬದಲಾಗುತ್ತದೆ.

ಈ ಮಾತುಕತೆಯಿಂದ ಒಂದು ಹಾಳೆ ಹುಟ್ಟಬೇಕು. ಅದರಲ್ಲಿ ಮೂರು ಕಲಂ ಇರಲಿ: ಮೂಲ ಆಕರಗಳು, ಸಂಶೋಧನಾ ಲೇಖನಗಳು, ಓದಲು ಸುಲಭವಾದ ಪುಸ್ತಕಗಳು. ಮೂರನ್ನೂ ಪಡೆಯುವ ದಾರಿ ಬೇರೆ ಬೇರೆ. ಮೂಲ ಆಕರಗಳಲ್ಲಿ ಬಹಳಷ್ಟು ಉಚಿತವಾಗಿ ಸಿಗುತ್ತವೆ. ಲೇಖನಗಳು ಹೆಚ್ಚಾಗಿ ಸರ್ಕಾರದ ಯೋಜನೆಗಳ ಮೂಲಕ ಬರುತ್ತವೆ. ಹಣ ಕೊಡಬೇಕಾಗಿ ಬರುವುದು ಬಹುಪಾಲು ಪುಸ್ತಕಗಳಿಗೆ.

ಇನ್ನೊಂದು ಮಾತು. ನಮ್ಮಲ್ಲಿ ಸಿಲಬಸ್ ಬೇಗ ಬದಲಾಗುತ್ತದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯಕ್ರಮ. ಹಾಗಾಗಿ ಸಿಲಬಸ್‌ನ ಒಂದೇ ಪೇಪರಿಗೆ ಹೊಂದುವ ದುಬಾರಿ ಡೇಟಾಬೇಸಿಗೆ (ಚಂದಾ ಕಟ್ಟಿ ಓದುವ ಆನ್‌ಲೈನ್ ಸಂಗ್ರಹಕ್ಕೆ) ಮೂರು ವರ್ಷದ ಒಪ್ಪಂದ ಮಾಡಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಹೆಜ್ಜೆ 2: ಉಚಿತವಾಗಿ ಸಿಗುವುದನ್ನು ಮೊದಲು ಮುಗಿಸಿ

ಹೆಚ್ಚು ಸಮಯ ಕೊಡಬೇಕಾದ ಕಡೆ ಇದು. ಇತಿಹಾಸದ ಮಟ್ಟಿಗೆ ನಾವು ಅದೃಷ್ಟವಂತರು. ಹಳೆಯದೆಲ್ಲ ಕಾಪಿರೈಟ್ ದಾಟಿರುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಹೋಗಿ 60 ವರ್ಷ ಕಳೆದರೆ ಅವರ ಕೃತಿ ಎಲ್ಲರದ್ದು. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ತೀರಿಕೊಂಡದ್ದು 1927ರಲ್ಲಿ. 1886ರಿಂದ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆದರೆ ಲಿಂಕ್ ಕೊಟ್ಟುಬಿಟ್ಟರೆ ಮಕ್ಕಳಿಗೆ ಉಪಯೋಗವಾಗುವುದಿಲ್ಲ. ಆ ಸಂಪುಟಗಳು ಜಿಲ್ಲೆವಾರು ಇವೆ. ಹಾಸನ ಐದನೆಯದು, ಶಿವಮೊಗ್ಗ ಏಳು ಮತ್ತು ಎಂಟು, ಕೋಲಾರ ಹತ್ತು, ಚಿತ್ರದುರ್ಗ ಹನ್ನೊಂದು, ತುಮಕೂರು ಹನ್ನೆರಡು. ಒಳಗೆ ತಾಲ್ಲೂಕುವಾರು ನಂಬರ್. ತಾಳಗುಂದದ ಸ್ತಂಭ ಶಾಸನ ಬೇಕಾದರೆ ಏಳನೇ ಸಂಪುಟದಲ್ಲಿ ಶಿಕಾರಿಪುರ 176 ನೋಡಬೇಕು. ಒಂದೇ ಸಂಪುಟದಲ್ಲಿ ಕನ್ನಡ ಲಿಪಿಯ ಪಾಠ ಒಂದು ಕಡೆ, ರೋಮನ್ ಲಿಪಿಯದು ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ ಇರುತ್ತದೆ. ಮೊದಲ ಸಲ ನೋಡುವ ಹುಡುಗ ಇಂಗ್ಲಿಷ್ ಅನುವಾದ ನೋಡಿ, ಕನ್ನಡ ಪಾಠ ಇದರಲ್ಲಿ ಇಲ್ಲ ಅಂದುಕೊಂಡು ಮುಚ್ಚಿಬಿಡುತ್ತಾನೆ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಆವೃತ್ತಿಯ ಕ್ರಮ, ನಂಬರ್ ಎರಡೂ ಬೇರೆ. ಇಷ್ಟನ್ನೂ ಅರ್ಧ ಪುಟದಲ್ಲಿ ಬರೆದು ಲಿಂಕ್ ಜೊತೆ ಇಡಿ. ಇದಕ್ಕೆ ದುಡ್ಡು ಬೇಕಿಲ್ಲ, ಗ್ರಂಥಪಾಲಕರ ಒಂದು ದಿನ ಸಾಕು. ನನ್ನ ಅನುಭವದಲ್ಲಿ ಈ ಅರ್ಧ ಪುಟ ಮಾಡುವ ಕೆಲಸವನ್ನು ದುಬಾರಿ ಡೇಟಾಬೇಸುಗಳೂ ಮಾಡಿಲ್ಲ.

ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಕಡತಗಳ ಸೂಚಿ ಹುಡುಕಬಹುದು, ಸ್ಕ್ಯಾನ್ ಆದ ಕಡತಗಳನ್ನು ಅಲ್ಲೇ ಓದಬಹುದು. ಮೈಸೂರನ್ನು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್‌ಗಳು ಆಳಿದರಲ್ವಾ, ಆ ಕಾಲದ ಪತ್ರವ್ಯವಹಾರವನ್ನು ಫಾರಿನ್ ಡಿಪಾರ್ಟ್‌ಮೆಂಟ್ ಹೆಸರಿನಡಿ ಹುಡುಕಬೇಕು. ಮೈಸೂರು ‘ವಿದೇಶ’ ಇಲಾಖೆಯಲ್ಲಿ ಏಕಿದೆ ಎಂದು ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆಯಿಂದಲೇ ಒಂದು ಒಳ್ಳೆಯ ಪಾಠ ಶುರುವಾಗುತ್ತದೆ.

ಸಂಸ್ಕೃತಿ ಸಚಿವಾಲಯದ ‘ಇಂಡಿಯನ್ ಕಲ್ಚರ್’ ಪೋರ್ಟಲ್, ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಇವೆರಡೂ ಪಟ್ಟಿಯಲ್ಲಿರಲಿ. ಶೋಧಗಂಗಾದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ಒಂದು ತಾಲ್ಲೂಕಿನ, ಒಂದು ಮನೆತನದ, ಒಂದು ದೇವಾಲಯದ ಇತಿಹಾಸ ಪುಸ್ತಕವಾಗಿ ಬಂದಿರುವುದು ಕಡಿಮೆ, ಪ್ರಬಂಧವಾಗಿ ಬಂದಿರುವುದು ಜಾಸ್ತಿ. ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಮೇಷ್ಟ್ರು ನೋಡಿ ಆರಿಸಿಕೊಟ್ಟದ್ದನ್ನು ಮಾತ್ರ ಪಟ್ಟಿಗೆ ಹಾಕಿ.

ಸಂಶೋಧನಾ ಲೇಖನಗಳ ದೊಡ್ಡ ಸಂಗ್ರಹವಾದ ಜೆಸ್ಟೋರ್ ತಾಣದಲ್ಲೇ ಇರುವ ‘ಸೌತ್ ಏಷ್ಯಾ ಓಪನ್ ಆರ್ಕೈವ್ಸ್’ ಪೂರ್ತಿ ಉಚಿತ. ಷಿಕಾಗೋ ವಿಶ್ವವಿದ್ಯಾಲಯದ ‘ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿ’ಯಲ್ಲಿ ಇಂಪೀರಿಯಲ್ ಗೆಜೆಟಿಯರ್ ಇದೆ, ಹಳೆಯ ನಕ್ಷೆಗಳಿವೆ. ಕರಾವಳಿಯ ಕಾಲೇಜಾದರೆ ಬಾಸೆಲ್ ಮಿಷನ್‌ನ ಚಿತ್ರ ಸಂಗ್ರಹವನ್ನು ಬಿಡಲೇಬೇಡಿ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅಲ್ಲಿನ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ತಮ್ಮ ಮನೆಯ ಮೇಲಿರುವ ಹೆಂಚಿನ ಕಥೆ ಹಳೆಯ ಫೋಟೋದಲ್ಲಿ ಕಂಡಾಗ ಹಿಂದಿನ ಬೆಂಚಿನ ಹುಡುಗರೂ ಮುಂದೆ ಬಗ್ಗಿ ನೋಡುತ್ತಾರೆ. ಬೆಂಗಳೂರಿನವರಾದರೆ ಮಿಥಿಕ್ ಸೊಸೈಟಿ 2021ರಿಂದ ಮಾಡುತ್ತಿರುವ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಕೆಲಸ ನೋಡಿ. ಸವೆದ ಕಲ್ಲಿನ ಮೇಲಿನ ಅಕ್ಷರ ಓದುವುದು ಎಂದರೆ ಏನು ಎಂದು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಕನ್ನಡದಲ್ಲೇ ಓದಲು ‘ಕಣಜ’ ಜಾಲತಾಣ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಕನ್ನಡ ವಿಕಿಸೋರ್ಸ್ ಇವೆ. ಕನ್ನಡ ಮಾಧ್ಯಮದ ಮಕ್ಕಳು ಜಾಸ್ತಿ ಇರುವ ಕಾಲೇಜಿನಲ್ಲಿ ಇವನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ, ಮೊದಲಿಗೆ ಹಾಕಿ.

ಉಚಿತ ತಾಣಗಳ ವಿಷಯದಲ್ಲಿ ಒಂದು ಎಚ್ಚರ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಅದರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಸಿಗಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗಬಹುದಾದರೆ ಸಣ್ಣ ತಾಣಗಳ ಕಥೆ ಕೇಳಬೇಕೆ? ಕಾಪಿರೈಟ್ ಮುಗಿದಿರುವ, ಪಾಠಕ್ಕೆ ಬೇಕೇ ಬೇಕಾದ ಕಡತಗಳ ಒಂದು ಪ್ರತಿಯನ್ನು ಲೈಬ್ರರಿಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಇಳಿಸಿದ ಮೇಲೆ ಪುಟ ತಿರುವಿ ನೋಡಿ. ಸ್ಕ್ಯಾನ್‌ನಲ್ಲಿ ಪುಟ ಬಿಟ್ಟುಹೋಗಿರುವುದು, ಮಡಚಿದ ನಕ್ಷೆಯನ್ನು ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿರುವುದು ಬಹಳ.

ಹೆಜ್ಜೆ 3: ನಿಮ್ಮ ಕಾಲೇಜಿಗೆ ಈಗಾಗಲೇ ಏನು ಸಿಗುತ್ತಿದೆ ನೋಡಿ

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಸರ್ಕಾರವೇ ಚಂದಾ ಕಟ್ಟಿ ನಿಯತಕಾಲಿಕಗಳನ್ನು ಓದಲು ಕೊಡುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಇದರೊಳಗೆ ಬರುತ್ತವೆ. ಅಂದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಬಾಗಿಲು ತೆರೆದಿದೆ. ಗುಜರಾತಿನ ಗಾಂಧಿನಗರದಲ್ಲಿರುವ, ಲೈಬ್ರರಿಗಳ ಜಾಲ ನೋಡಿಕೊಳ್ಳುವ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ನಿಮ್ಮ ಕಾಲೇಜು ನೋಂದಣಿ ಮಾಡಿಕೊಂಡಿದೆಯೇ? ಇವತ್ತೇ ಕೇಳಿ.

ಇದು ವಿಜ್ಞಾನದವರಿಗೆ ಎಂದುಕೊಂಡು ಇತಿಹಾಸದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ತಪ್ಪು. ಪ್ರಕಾಶಕರ ಪಟ್ಟಿಯಲ್ಲಿ ಸೇಜ್ ಇದೆ. ‘ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ’, ‘ಸ್ಟಡೀಸ್ ಇನ್ ಹಿಸ್ಟರಿ’, ‘ಇಂಡಿಯನ್ ಹಿಸ್ಟಾರಿಕಲ್ ರಿವ್ಯೂ’ ಸೇಜ್ ಪ್ರಕಟಿಸುವ ನಿಯತಕಾಲಿಕಗಳು. ಕೇಂಬ್ರಿಡ್ಜ್ ಇದೆ, ಅಲ್ಲಿಂದ ‘ಮಾಡರ್ನ್ ಏಷ್ಯನ್ ಸ್ಟಡೀಸ್’ ಬರುತ್ತದೆ. ಲಾಗಿನ್ ಆಗಿ ಒಂದೊಂದನ್ನೂ ತೆರೆದು ನೋಡಿ, ಯಾವ ವರ್ಷದಿಂದ ಓದಲು ಬಿಡುತ್ತದೆ ಎಂದು ಬರೆದುಕೊಳ್ಳಿ.

ವರ್ಷವನ್ನು ಏಕೆ ನೋಡಬೇಕು? ವಿಜ್ಞಾನದಲ್ಲಿ ಕಳೆದ ವರ್ಷದ ಲೇಖನ ಮುಖ್ಯ. ಇತಿಹಾಸದಲ್ಲಿ 1975ರ ಲೇಖನವೂ ಇವತ್ತಿನ ಪಾಠಕ್ಕೆ ಬೇಕು. ಆದ್ದರಿಂದ ನಮಗೆ ಹಳೆಯ ಸಂಚಿಕೆಗಳು ಮುಖ್ಯ. ಜೆಸ್ಟೋರ್‌ನಲ್ಲಿ ಎಷ್ಟೋ ನಿಯತಕಾಲಿಕಗಳ ಕೊನೆಯ ಕೆಲವು ವರ್ಷಗಳ ಸಂಚಿಕೆ ಇರುವುದಿಲ್ಲ. ಅದನ್ನು ದೊಡ್ಡ ಕೊರತೆ ಎಂದು ನಾನು ಎಣಿಸುವುದಿಲ್ಲ. ಪದವಿ ಮಟ್ಟದ ಇತಿಹಾಸಕ್ಕೆ ಹಳೆಯದು ಪೂರ್ತಿ ಇದ್ದರೆ ಸಾಕು.

ಅನುದಾನಿತ ಕಾಲೇಜಿನವರಿಗೆ ಇನ್‌ಫ್ಲಿಬ್‌ನೆಟ್‌ನದೇ ‘ಎನ್-ಲಿಸ್ಟ್’ ಎಂಬ ಚಂದಾ ಯೋಜನೆ ಇದೆ. 6,000ಕ್ಕೂ ಹೆಚ್ಚು ನಿಯತಕಾಲಿಕಗಳು, 1,99,500ಕ್ಕೂ ಹೆಚ್ಚು ಇ-ಪುಸ್ತಕಗಳು ಎಂದು ಅದೇ ಹೇಳಿಕೊಳ್ಳುತ್ತದೆ. ಯಾವ ಪ್ರಕಾಶಕರು ಇದ್ದಾರೆ, ಶುಲ್ಕ ಎಷ್ಟು, ಯಾರು ಅರ್ಹರು ಎಂಬುದು ಆಗಾಗ ಬದಲಾಗುತ್ತದೆ. ಹೋದ ವರ್ಷದ ಕಾಗದ ನಂಬದೆ ಈ ವರ್ಷದ್ದನ್ನು ಅವರ ತಾಣದಲ್ಲಿ ನೋಡಿ.

ಈ ಹೆಜ್ಜೆ ಮುಗಿಯುವ ಹೊತ್ತಿಗೆ ಹೆಜ್ಜೆ 1ರ ಹಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲುಗಳಿಗೆ ಟಿಕ್ ಬಿದ್ದಿರುತ್ತದೆ. ಉಳಿದದ್ದಕ್ಕೆ ಮಾತ್ರ ಹಣ.

ಹೆಜ್ಜೆ 4: ಟ್ರಯಲ್ ತೆಗೆದುಕೊಳ್ಳಿ, ನಿಮ್ಮದೇ ಪದಗಳಿಂದ ಪರೀಕ್ಷಿಸಿ

ಕೊಳ್ಳುವ ಮೊದಲು ಒಂದು ತಿಂಗಳ ಟ್ರಯಲ್ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ. ಪರೀಕ್ಷೆ ರಜೆಯಲ್ಲಿ ತೆಗೆದುಕೊಳ್ಳಬೇಡಿ, ಆಗ ನೋಡುವವರೇ ಇರುವುದಿಲ್ಲ. ಅಸೈನ್‌ಮೆಂಟ್ ಕೊಟ್ಟ ವಾರ ಶುರುವಾಗುವಂತೆ ದಿನ ಕೇಳಿ ಪಡೆಯಿರಿ.

ಮಾರಾಟದವರು ಬಂದು ತೋರಿಸುವಾಗ ಅವರ ಕೈಯಲ್ಲಿ ಹುಡುಕು ಪದ ತಯಾರಾಗಿರುತ್ತದೆ. ‘ಗಾಂಧಿ’ ಎಂದು ಹೊಡೆದರೆ ಯಾವ ಡೇಟಾಬೇಸೂ ಬರಿಗೈಲಿ ಕಳಿಸುವುದಿಲ್ಲ. ನೀವು ನಿಮ್ಮ ಪದಗಳನ್ನು ಕೊಡಿ. ನಾನು ಇಟ್ಟುಕೊಂಡಿರುವ ಪಟ್ಟಿ ಇದು.

ಮೊದಲು ಹಳೆಯ ಕಾಗುಣಿತ. ಕಂಪನಿಯವರು ನಮ್ಮ ಊರುಗಳನ್ನು ಕಿವಿಗೆ ಬಿದ್ದಂತೆ ಬರೆದರು. ಶ್ರೀರಂಗಪಟ್ಟಣ ಅವರಿಗೆ ಸೆರಿಂಗಪಟಮ್. ಚಿತ್ರದುರ್ಗ ಚಿತಲ್‌ಡ್ರೂಗ್, ಚಿತಲ್‌ಡ್ರಗ್. ಬಿದನೂರು ಬೆಡ್ನೋರ್. ಕೊಡಗು ಕೂರ್ಗ್, ಕನ್ನಡ ಕರಾವಳಿ ಕೆನರಾ. ಟಿಪ್ಪುವಿನ ಹೆಸರಿನಲ್ಲಿ ಕೊನೆಗೆ ಒಂದು ಕಡೆ ಯು, ಇನ್ನೊಂದು ಕಡೆ ಎರಡು ಓ. ‘ಶ್ರೀರಂಗಪಟ್ಟಣ’ದ ಇವತ್ತಿನ ಇಂಗ್ಲಿಷ್ ಕಾಗುಣಿತ ಹಾಕಿ ಹುಡುಕಿ, ಆಮೇಲೆ ಹಳೆಯದನ್ನು ಹಾಕಿ. ಎರಡಕ್ಕೂ ಒಂದೇ ಫಲಿತಾಂಶ ಬಂದರೆ ಆ ಡೇಟಾಬೇಸ್ ಮಾಡಿದವರು ವಿಷಯ ಸೂಚಿಯ ಮೇಲೆ ಕೆಲಸ ಮಾಡಿದ್ದಾರೆ ಎಂದರ್ಥ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ನೂರಾರು ಬಂದರೆ ಕೊಳ್ಳಲೇಬಾರದು ಎಂದೇನಿಲ್ಲ. ಆದರೆ ಕಾಗುಣಿತದ ಪಟ್ಟಿಯನ್ನು ನೀವೇ ಮಾಡಿ ಮಕ್ಕಳ ಕೈಗೆ ಕೊಡಬೇಕಾಗುತ್ತದೆ. ಆ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಆಡಳಿತದ ಗಡಿ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ನಾಡು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆಗೆ. ದಕ್ಷಿಣ ಕನ್ನಡ ಮದ್ರಾಸಿಗೆ, 1953ರವರೆಗೆ ಬಳ್ಳಾರಿಯೂ. ಉತ್ತರ ಕನ್ನಡ ಮೊದಲು ಮದ್ರಾಸು, 1862ರಿಂದ ಬಾಂಬೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿಗೆ. ಕೊಡಗು ಬೇರೆಯೇ. ದಾಖಲೆಗಳೂ ಹಾಗೆಯೇ ಹಂಚಿಹೋಗಿವೆ. ಡೇಟಾಬೇಸಿನವರು ‘ಭಾರತದ ಇತಿಹಾಸ’ ಎಂದು ಹೇಳಿದರೆ ಯಾವ ಪ್ರೆಸಿಡೆನ್ಸಿಯದು ಎಂದು ಕೇಳಿ. ಬಂಗಾಳದ ಕಾಗದಗಳೇ ತುಂಬಿದ್ದರೆ ಕಿತ್ತೂರಿನ ಅಸೈನ್‌ಮೆಂಟಿಗೆ ಅದರಿಂದ ಏನು ಪ್ರಯೋಜನ? ಕಿತ್ತೂರನ್ನು ‘ಮೈಸೂರು’ ಎಂದು ಹುಡುಕಿದರೂ ಸಿಗುವುದಿಲ್ಲ. ಕಂಪನಿಯ ಕಾಗದದಲ್ಲಿ ಅದು ‘ಸದರ್ನ್ ಮರಾಠಾ ಕಂಟ್ರಿ’. ಇದನ್ನು ಟ್ರಯಲ್ ಸಮಯದಲ್ಲಿ ಮೇಷ್ಟ್ರೇ ಕೂತು ನೋಡಬೇಕು.

ಮೂರನೆಯದು ಫೋನು. ಕಂಪ್ಯೂಟರ್ ಲ್ಯಾಬಿನಲ್ಲಿ ಚೆನ್ನಾಗಿ ಕಂಡದ್ದು ಹಾಸ್ಟೆಲ್‌ನಲ್ಲಿ ತೆರೆಯುವುದಿಲ್ಲ. ಒಬ್ಬ ವಿದ್ಯಾರ್ಥಿಯ ಸಾಧಾರಣ ಫೋನ್ ಕೇಳಿ ತೆಗೆದುಕೊಂಡು, ಕಾಲೇಜಿನ ವೈಫೈ ಆಫ್ ಮಾಡಿ, ಹುಡುಕುವುದರಿಂದ ಪುಟ ತೆರೆಯುವವರೆಗೆ ಎಷ್ಟು ಸಲ ಒತ್ತಬೇಕು ಎಂದು ಎಣಿಸಿ. ಫೈಲ್ ಎಷ್ಟು ದೊಡ್ಡದು ನೋಡಿ. ಮುನ್ನೂರು ಎಂಬಿಯ ಪಿಡಿಎಫ್ ಒಂದನ್ನು ಇಳಿಸಿದರೆ ಆ ದಿನದ ಡೇಟಾ ಕಾಲುಭಾಗ ಹೋಯಿತು ಎಂದು ಒಬ್ಬ ಹುಡುಗ ನನಗೆ ಹೇಳಿದ. ಅಧ್ಯಾಯ ಅಧ್ಯಾಯವಾಗಿ ಇಳಿಸಲು ಬಿಡುತ್ತದೆಯೇ ಎಂಬುದು ಆಗಲೇ ನನಗೆ ಮುಖ್ಯ ಅನಿಸಿದ್ದು.

ನಾಲ್ಕನೆಯದು ಕನ್ನಡ. ಕನ್ನಡ ಪುಸ್ತಕ ಇದೆ ಎಂದು ಹೇಳಿದರೆ ಒಂದನ್ನು ತೆರೆದು, ಕಣ್ಣಿಗೆ ಕಾಣುವ ಒಂದು ಪದವನ್ನು ಹುಡುಕು ಜಾಗದಲ್ಲಿ ಟೈಪ್ ಮಾಡಿ. ಸಿಗದಿದ್ದರೆ ಕಾರಣ ಎರಡು. ಪುಟ ಬರೀ ಚಿತ್ರವಾಗಿರಬಹುದು. ಇಲ್ಲವೇ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದಿರಬಹುದು. ಅಂಥ ಪುಟದಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ‘ವಿಜಯನಗರ’ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ ಗೊತ್ತಾಯಿತಲ್ವಾ.

ಇದೇ ಪರೀಕ್ಷೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಚಿತ್ರದ ಪುಟವನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ. ನಿಮ್ಮಲ್ಲಿ ಅಂಥ ವಿದ್ಯಾರ್ಥಿ ಇದ್ದರೆ ಅವರನ್ನೇ ಕರೆದು ಕೂರಿಸಿ, ಅವರ ಫೋನಿನಲ್ಲಿ ಅವರೇ ಬಳಸಿ ಹೇಳಲಿ. ಅವರು ಓದಲಾಗದು ಎಂದರೆ ಕಂಪನಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಸಹಿ ಬೇಡ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಹೆಜ್ಜೆ 5: ಬೆಲೆ ಮತ್ತು ಕರಾರು

ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯೇ, ಡಾಲರ್ ಲೆಕ್ಕವೇ ರೂಪಾಯಿ ಲೆಕ್ಕವೇ, ಎರಡನೇ ವರ್ಷ ಎಷ್ಟು ಏರಿಸುತ್ತಾರೆ, ಇವನ್ನು ಬರಹದಲ್ಲೇ ಪಡೆಯಿರಿ. ಚಂದಾ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್‌ಗೆ, ನಮ್ಮ ಬಜೆಟ್ ಏಪ್ರಿಲ್‌ನಿಂದ ಮಾರ್ಚ್‌ಗೆ. ಈ ವ್ಯತ್ಯಾಸದಿಂದ ಮೂರು ತಿಂಗಳು ಬಾಗಿಲು ಮುಚ್ಚುವ ಕಾಲೇಜುಗಳಿವೆ. ಎಷ್ಟು ದಿನ ಕಾಯುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ.

ಇ-ಪುಸ್ತಕ ಕೊಳ್ಳುವಾಗ ಒಂದೇ ಹೊತ್ತಿಗೆ ಎಷ್ಟು ಜನ ಓದಬಹುದು ಎಂಬುದೇ ಎಲ್ಲಕ್ಕಿಂತ ಮುಖ್ಯ. ಒಬ್ಬರಿಗೆ ಮಾತ್ರ ಎಂಬ ಕರಾರಿನಲ್ಲಿ ಪಠ್ಯಪುಸ್ತಕ ಕೊಂಡರೆ ಅರವತ್ತು ಮಕ್ಕಳ ತರಗತಿಯಲ್ಲಿ ಐವತ್ತೊಂಬತ್ತು ಜನ ಕಾಯುತ್ತಾ ಕೂರಬೇಕು. ಅಂಥ ಪುಸ್ತಕದ ಹತ್ತು ಮುದ್ರಿತ ಪ್ರತಿ ತರಿಸುವುದೇ ಮೇಲು.

ಚಂದಾ ನಿಲ್ಲಿಸಿದರೆ ಏನು ಉಳಿಯುತ್ತದೆ? ಕೆಲವು ಕರಾರುಗಳಲ್ಲಿ ಹಣ ಕಟ್ಟಿದ ವರ್ಷಗಳ ಸಂಚಿಕೆ ಶಾಶ್ವತವಾಗಿ ನಿಮ್ಮದು. ಕೆಲವದರಲ್ಲಿ ಮರುದಿನವೇ ಎಲ್ಲ ಮುಚ್ಚುತ್ತದೆ. ಮೂಲ ದಾಖಲೆಗಳ ದೊಡ್ಡ ಸಂಗ್ರಹಗಳನ್ನು ಒಂದೇ ಸಲ ಕೊಂಡು ಇಟ್ಟುಕೊಳ್ಳುವ ವ್ಯವಸ್ಥೆಯೂ ಇರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ದಾಖಲೆ, ಹಳೆಯ ಟೈಮ್ಸ್ ಆಫ್ ಇಂಡಿಯಾ ಸಂಚಿಕೆಗಳಂಥವು ಒಂದು ಪದವಿ ಕಾಲೇಜಿನ ಕೈಗೆ ಎಟುಕುವ ಬೆಲೆಯವಲ್ಲ. ಅವಕ್ಕಾಗಿ ವಿಶ್ವವಿದ್ಯಾಲಯದ ಲೈಬ್ರರಿಯನ್ನು ಕೇಳಿ. ಅಥವಾ ಸುತ್ತಲಿನ ಕಾಲೇಜುಗಳು ಒಟ್ಟಾಗಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಿರಿ.

ತರಗತಿಗೆ ಪ್ರತಿ ಹಂಚುವ ಬಗ್ಗೆ ಕರಾರು ಏನು ಹೇಳುತ್ತದೆ ನೋಡಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪಾಠಕ್ಕಾಗಿ ಪ್ರತಿ ಮಾಡಲು ವಿನಾಯಿತಿ ಇದೆ. ದೆಹಲಿ ಹೈಕೋರ್ಟ್ 2016ರಲ್ಲಿ ಕೋರ್ಸ್ ಪ್ಯಾಕ್ (ಪಾಠಕ್ಕಾಗಿ ಜೋಡಿಸಿದ ಜೆರಾಕ್ಸ್ ಪುಟಗಳ ಕಟ್ಟು) ಪ್ರಕರಣದಲ್ಲಿ ಅದನ್ನು ವಿಸ್ತಾರವಾಗಿ ಅರ್ಥ ಮಾಡಿತು. ಆದರೆ ನೀವು ಸಹಿ ಹಾಕುವ ಕರಾರಿನಲ್ಲಿ ಅದಕ್ಕಿಂತ ಕಡಿಮೆ ಬರೆದಿರಬಹುದು. ಆ ಸಾಲನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಮನೆಯಿಂದ ಲಾಗಿನ್ ಆಗಲು ಇನ್‌ಫೆಡ್‌ನಂಥ ವ್ಯವಸ್ಥೆಗೆ ಹೊಂದುತ್ತದೆಯೇ ಎಂದೂ ಕೇಳಿ. ಕಾಲೇಜಿನ ಆವರಣದಲ್ಲಿ ಮಾತ್ರ ತೆರೆಯುವ ಡೇಟಾಬೇಸನ್ನು ಐದೂವರೆ ಗಂಟೆಯ ಬಸ್ ಹಿಡಿಯುವ ಮಕ್ಕಳು ಬಳಸುವುದು ಹೇಗೆ?

ಹೆಜ್ಜೆ 6: ಸಮಿತಿಯ ಮುಂದೆ

ಗ್ರಂಥಾಲಯ ಸಮಿತಿಗೆ ಉದ್ದದ ವರದಿ ಬೇಡ. ಹೆಜ್ಜೆ 1ರ ಹಾಳೆ, ಟ್ರಯಲ್‌ನ ಫಲಿತಾಂಶ, ಕೊಟೇಶನ್, ಇಷ್ಟು ಸಾಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ, ತೋರಿಸಲು ಏನಾದರೂ ಇರಲಿ ಎಂಬ ಮಾತು ಬಂದೇ ಬರುತ್ತದೆ. ನ್ಯಾಕ್‌ನವರು ಇ-ಸಂಪನ್ಮೂಲದ ಚಂದಾ ಕೇಳುವುದು ನಿಜ. ಬಳಕೆಯನ್ನೂ ಕೇಳುತ್ತಾರೆ. ಬಳಕೆ ಇರುವ ಒಂದೇ ಸಂಪನ್ಮೂಲ ತೋರಿಸಿದರೂ ನೀವು ತಲೆ ಎತ್ತಿ ಮಾತಾಡಬಹುದು.

ಹೆಜ್ಜೆ 7: ತರಗತಿಯ ಒಳಗೆ ತಲುಪಿಸಿ

ಕೊಂಡ ತಿಂಗಳಲ್ಲೇ ಮೇಷ್ಟ್ರಿಂದ ಒಂದು ಪೀರಿಯಡ್ ಬೇಡಿ ಪಡೆಯಿರಿ. ಡೇಟಾಬೇಸಿನ ಪರಿಚಯ ಎಂದು ಭಾಷಣ ಮಾಡಬೇಡಿ. ಆ ವಾರದ ಪಾಠದ ಒಂದೇ ಒಂದು ದಾಖಲೆ ಎತ್ತಿಕೊಳ್ಳಿ, ಎಲ್ಲರೂ ತಮ್ಮ ಫೋನಿನಲ್ಲಿ ಅದನ್ನು ಹುಡುಕಿ ತೆರೆಯಲಿ. ಇಬ್ಬರಿಗೆ ಪಾಸ್‌ವರ್ಡ್ ಮರೆತಿರುತ್ತದೆ, ಒಬ್ಬರಿಗೆ ತೆರೆಯುವುದೇ ಇಲ್ಲ. ಅದನ್ನೆಲ್ಲ ಅಲ್ಲೇ ಸರಿ ಮಾಡಿ. ಅವತ್ತು ತೆರೆಯಲಾಗದ ಹುಡುಗ ಆಮೇಲೆ ತಾನಾಗಿ ತೆರೆಯುವುದು ಅಪರೂಪ.

ಯೂನಿಟ್‌ವಾರು ಲಿಂಕುಗಳ ಒಂದು ಪುಟ ಮಾಡಿ. ‘ಇ-ಸಂಪನ್ಮೂಲಗಳು’ ಎಂಬ ತಲೆಬರಹದಡಿ ಐವತ್ತು ಲಿಂಕ್ ಹಾಕಿದರೆ ಯಾರೂ ಒತ್ತುವುದಿಲ್ಲ. ‘ಯೂನಿಟ್ 3, ಕಿತ್ತೂರು: ಈ ನಾಲ್ಕನ್ನು ಓದಿ’ ಎಂದು ಹಾಕಿದರೆ ಒತ್ತುತ್ತಾರೆ.

ಹೆಜ್ಜೆ 8: ವರ್ಷದ ಕೊನೆಗೆ ಎಣಿಸಿ

ಬಳಕೆಯ ಲೆಕ್ಕವನ್ನು ‘ಕೌಂಟರ್’ (COUNTER) ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕೊಡಿ ಎಂದು ಕಂಪನಿಯನ್ನು ಕೇಳಿ. ಆಗ ಬೇರೆ ಬೇರೆ ಕಂಪನಿಗಳ ಲೆಕ್ಕವನ್ನು ಹೋಲಿಸಬಹುದು. ಎಷ್ಟು ಸಲ ಹುಡುಕಿದರು ಎಂಬ ಅಂಕಿ ದೊಡ್ಡದಾಗಿರುತ್ತದೆ, ಅದನ್ನು ಬಿಡಿ. ಎಷ್ಟು ಲೇಖನ, ಅಧ್ಯಾಯ ತೆರೆದರು ಎಂಬುದನ್ನು ನೋಡಿ. 60,000 ರೂಪಾಯಿ ಕೊಟ್ಟು 240 ಸಲ ತೆರೆದಿದ್ದರೆ ಒಂದಕ್ಕೆ 250 ರೂಪಾಯಿ ಬಿತ್ತು. ಅನುಮತಿ ಇಲ್ಲ ಎಂದು ವಾಪಸ್ ಕಳಿಸಿದ ಲೆಕ್ಕವೂ ಅದೇ ವರದಿಯಲ್ಲಿ ಇರುತ್ತದೆ. ಮಕ್ಕಳು ಬಾಗಿಲು ತಟ್ಟಿ ಮರಳಿದ ಜಾಗ ಅದು. ಮುಂದಿನ ವರ್ಷ ಏನು ಕೊಳ್ಳಬೇಕು ಎಂಬುದಕ್ಕೆ ಒಳ್ಳೆಯ ಸುಳಿವು ಅಲ್ಲೇ ಸಿಗುತ್ತದೆ.

ಆದರೆ ಇತಿಹಾಸವನ್ನು ಕಾಮರ್ಸ್ ಜೊತೆ ಹೋಲಿಸಿ ಚಂದಾ ನಿಲ್ಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ತರಗತಿಯಲ್ಲಿ ಇಪ್ಪತ್ತೈದು ಜನ ಇರುತ್ತಾರೆ, ಅವರಲ್ಲಿ ನಾಲ್ಕು ಜನ ಒಂದು ದಾಖಲೆಯನ್ನು ಒಂದು ವಾರ ಹಿಡಿದು ಕೂರುತ್ತಾರೆ. ಲೆಕ್ಕದಲ್ಲಿ ಅದು ‘ನಾಲ್ಕು’ ಎಂದು ಮಾತ್ರ ಕಾಣುತ್ತದೆ. ಆ ಮಕ್ಕಳು ಬರೆದ ಅಸೈನ್‌ಮೆಂಟನ್ನೇ ಸಮಿತಿಯ ಮುಂದೆ ಇಡಿ.

ಲೈಬ್ರರಿಯ ಕೌಂಟರ್ ಮೇಲೆ ದಾರ ಕಟ್ಟಿದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹುಡುಕಿ ಸಿಗದೆ ಹೋದದ್ದನ್ನು ಮಕ್ಕಳು ಅದರಲ್ಲಿ ಬರೆಯುತ್ತಾರೆ, ಹೆಸರು ಹಾಕಬೇಕಿಲ್ಲ. ಮುಂದಿನ ವರ್ಷ ಮೇಷ್ಟ್ರ ಜೊತೆ ಕೂರುವಾಗ ಸಿಲಬಸ್ ಪಕ್ಕದಲ್ಲಿ ಅದೂ ಇರುತ್ತದೆ. ಈ ಸಲದ ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: "ನಮ್ಮೂರ ಕೆರೆ ಏರಿಯ ಮೇಲಿರುವ ಕಲ್ಲಿನ ಶಾಸನ ಯಾವ ಸಂಪುಟದಲ್ಲಿದೆ? ಹೊಸಕೋಟೆ ತಾಲ್ಲೂಕು." ಒಂಬತ್ತನೇ ಸಂಪುಟ ತೆರೆದು ನೋಡಬೇಕು.